ವಾರ್ಮರ್ ಕಾಯುವ ಅರುಣಾ

ಗುಡ್ಡದ ಮೇಲಿನ ಮಂಜು ಇನ್ನೂ ಕರಗಿಲ್ಲ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅರುಣಾ ಮಂಡಿಯೂರಿ ಕುಳಿತು, ಎಳೆಗೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ನ ಹಿಂಬದಿ ಬಿಚ್ಚುತ್ತಿದ್ದಾರೆ. ಒಳಗೆ ತೇವ ಕೂತಿದೆ. ಒರೆಸಿ, ಸ್ವಿಚ್ ಒತ್ತಿ, ಬಿಸಿ ಏರುವುದನ್ನೇ ಕಾಯುತ್ತಾರೆ. "ನಮ್ ಕಡೆ ಮಳೆ ಹೊರಗೆ ಮಾತ್ರ ಬರಲ್ಲ ಸರ್, ಮಷೀನ್ ಒಳಗೂ ಬರುತ್ತೆ" ಎಂದು ನಗುತ್ತಾರೆ.

ಮೂಡಿಗೆರೆ, ಕಳಸ ಭಾಗದ ಆಸ್ಪತ್ರೆಗಳ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್ ಇವರು. ತಾಯಿ ಯಲ್ಲಮ್ಮ ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಾರೆ. ಅರುಣಾ ಪಿಯುಸಿಯಲ್ಲಿದ್ದಾಗ ತಂದೆ ಗುರುವಯ್ಯನವರಿಗೆ ಉಸಿರು ಕಟ್ಟಿತು. ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕದ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಜೀಪು ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತ್ತು. ಹೇಗೋ ಜೀವ ಉಳಿಯಿತು.

"ಇದನ್ನ ರಿಪೇರಿ ಮಾಡೋರೇ ಇಲ್ವಾ ಅಂತ ನರ್ಸನ್ನ ಕೇಳ್ದೆ. ಅದಕ್ಕೂ ಓದಿದ ಎಂಜಿನಿಯರ್ ಇರ್ತಾರೆ, ಇಲ್ಲಿಗೆ ಯಾರು ಬರ್ತಾರಮ್ಮ ಅಂದ್ರು. ಆವತ್ತೇ ತೀರ್ಮಾನ ಮಾಡ್ಬಿಟ್ಟೆ."

ನೆಂಟರಿಗೆ ಆ ಕೋರ್ಸಿನ ಹೆಸರೇ ಗೊತ್ತಿರಲಿಲ್ಲ. "ನರ್ಸಿಂಗ್ ಮಾಡಿಸು ಮಾರಾಯ" ಎಂದು ಗುರುವಯ್ಯನವರಿಗೆ ಹೇಳಿದವರೇ ಹೆಚ್ಚು. ಮೊದಲ ವರ್ಷ ಗಣಿತದಲ್ಲಿ ಫೇಲಾಗಿ ಮನೆಗೆ ಬಂದ ಮಗಳಿಗೆ ಯಲ್ಲಮ್ಮ ಹೇಳಿದ್ದು ಇಷ್ಟೇ: "ಅಳೋದಾದ್ರೆ ಇವತ್ತೇ ಅತ್ಬಿಡು. ನಾಳೆ ಬಸ್ ಹತ್ತಿಸ್ತೀನಿ."

ಕಳೆದ ಮಳೆಗಾಲದಲ್ಲಿ ಆ ಓದು ನಿಜವಾದ ಪರೀಕ್ಷೆಗೆ ನಿಂತಿತು. ಸಣ್ಣ ಬೆಳೆಗಾರರ ಮನೆಯ ರಕ್ಷಾ ಅವರಿಗೆ ಇದೇ ವಾರ್ಡಿನಲ್ಲಿ ದಿನ ತುಂಬುವ ಮೊದಲೇ ಗಂಡುಮಗು ಹುಟ್ಟಿತ್ತು. ಸಿಡಿಲು ಬಡಿದು ವಾರ್ಮರ್ ಕೆಟ್ಟಿತು. ಗುಡ್ಡ ಕುಸಿದು ಆಂಬುಲೆನ್ಸ್ ದಾರಿಯೂ ಮುಚ್ಚಿತು. ನರ್ಸ್ ಸರೋಜಮ್ಮ ಮಗುವನ್ನು ತಾಯಿಯ ಎದೆಗೊತ್ತಿ ಹೊದಿಸಿದರೂ ಪುಟ್ಟ ಮೈ ತಣ್ಣಗಾಗುತ್ತಲೇ ಇತ್ತು. ಸುದ್ದಿ ತಿಳಿದ ಅರುಣಾ ಕುಸಿದ ಮಣ್ಣು ದಾಟಿ ನಡೆದೇ ಬಂದರು. ಮೂಲೆಗೆ ಸರಿಸಿದ್ದ ಹಳೆಯ ವಾರ್ಮರ್‌ನ ಭಾಗಗಳನ್ನು ಕಳಚಿ ಇದಕ್ಕೆ ಜೋಡಿಸಿದರು. ಬಿಸಿ ಹದಕ್ಕೆ ಬಂದಿದೆಯೇ ಎಂದು ಮತ್ತೆ ಮತ್ತೆ ಅಳೆದ ಮೇಲೆಯೇ ಮಗುವನ್ನು ಮಲಗಿಸಲು ಒಪ್ಪಿದರು.

"ಅವಸರಕ್ಕೆ ಸ್ಕ್ರೂ ಕೆಳಗೆ ಬೀಳ್ತಿತ್ತು. ಸರೋಜಮ್ಮ ಟಾರ್ಚ್ ಹಿಡ್ಕೊಂಡು, ನಿಧಾನ ಕಣೇ, ನಿಧಾನ ಅಂತಿದ್ರು."

ಸಂಜೆಯ ಹೊತ್ತಿಗೆ ಮಗು ಗಟ್ಟಿಯಾಗಿ ಅತ್ತಿತು. ವಾರ್ಡಿಗೆ ವಾರ್ಡೇ ನಕ್ಕಿತು.

ನಾವು ಮಾತನಾಡುತ್ತಿರುವಾಗಲೇ ರಕ್ಷಾ ಮಗನಿಗೆ ಲಸಿಕೆ ಹಾಕಿಸಲು ಬರುತ್ತಾರೆ. ಅರುಣಾರನ್ನು ಕಂಡವರೇ, "ನಿಮಗೆ ಏನು ಕೊಟ್ರೂ ಕಮ್ಮೀನೇ. ಏನ್ ಬೇಕು, ಹೇಳಿ" ಎನ್ನುತ್ತಾರೆ.

ಅರುಣಾ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಾರೆ. "ನಾನು ಮಷೀನ್ ಮುಟ್ಟೋಳು. ಆವತ್ತು ಇವನನ್ನ ಮುಟ್ಟೇ ಇಲ್ಲ. ಒಂದ್ಸಲ ಎತ್ಕೊಳ್ಳೋಕೆ ಕೊಡ್ತೀರಾ?"

ಮಗು ಅವರ ತೋಳಿಗೆ ಬಂದು, ಕೊರಳಿನ ಐಡಿ ಕಾರ್ಡಿಗೆ ಬಾಯಿ ಹಾಕುತ್ತದೆ.

"ಅಬ್ಬಾ," ಎನ್ನುತ್ತಾರೆ ಅರುಣಾ, "ಏನ್ ಭಾರ ಮಾರಾಯ ನೀನು!"