ಅವ್ವನ ಓಟು, ನನ್ನ ಕೈ

ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಕೂತು ಅರ್ಜಿ ಬರೆಯುವುದು ನನ್ನ ಕಸುಬು. ಖಾತೆ ಬದಲಾವಣೆ, ಜಮೀನಿನ ಪೋಡಿ, ವಿಧವಾ ವೇತನ, ಏನೇ ಇರಲಿ, ಎದುರು ಕೂತವರು ಹೇಳಿದ್ದನ್ನು ಬರೆಯುತ್ತೇನೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾದರೂ ಅದನ್ನೇ ಬರೆಯುತ್ತೇನೆ. ಇನ್ನೊಬ್ಬರ ಮಾತು ತಿದ್ದಲು ನಾನ್ಯಾರು ಎಂದು ಎಲ್ಲರೆದುರೂ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಕೊಚ್ಚಿಕೊಳ್ಳುವುದಿಲ್ಲ.

ಅವ್ವ ಇರುವುದು ಊರಿನಲ್ಲಿ, ಶಿವನಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ, ನನ್ನ ತಮ್ಮನ ಮನೆಯಲ್ಲಿ. ಕಣ್ಣಿನ ಒತ್ತಡ ಏರಿ ಏರಿ ಎರಡು ಕಣ್ಣೂ ಹೋಗಿವೆ. ನೋಟ ಹೋದರೂ ನೋವು ಹೋಗಿಲ್ಲ, ದಿನಕ್ಕೆ ಮೂರು ಸಲ ಹನಿ ಬೀಳಲೇಬೇಕು. ತಮ್ಮನದು ಬೀರೂರಿನಲ್ಲಿ ಪಂಕ್ಚರ್ ಅಂಗಡಿ, ಅವನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇಬ್ಬರೂ ಬೆಳಿಗ್ಗೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲು ಬಂದು ಹನಿ ಹಾಕುತ್ತಿದ್ದವಳು ಹಿಂದಿನ ಬೀದಿಯ ಒಬ್ಬ ಹೆಂಗಸು. ರವಿಕೆ ಹೊಲಿದು ಬದುಕುವವಳು, ನಮಗೆ ನೆಂಟಳಲ್ಲ, ಬಳಗವಲ್ಲ. ಹೊಲಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದು ಬರುತ್ತಿದ್ದಳು.

ತಮ್ಮನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು. ಅಂಗಡಿಗೆ ಹೊರಡುವ ಮುಂಚೆ ಅವ್ವನ ತಲೆ ಬಾಚಿ, ತುರುಬು ಕಟ್ಟಿಯೇ ಹೋಗುತ್ತಿದ್ದ. ಗಂಡಸು ಅವ್ವನ ತಲೆ ಬಾಚುವುದನ್ನು ಕಂಡು ಊರು ನಗುತ್ತಿತ್ತು, ಅವನು ಕೇರ್ ಮಾಡಲಿಲ್ಲ. ಅವನಿಗಿದ್ದ ಹುಚ್ಚು ಒಂದೇ, ಪಂಚಾಯ್ತಿ ಮೆಂಬರ್ ಆಗಬೇಕೆಂಬುದು. ಮೊದಲ ಸಲ ನಿಂತು ಸೋತಾಗ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ. ಒಂದು ಬೆಳಿಗ್ಗೆ ತೋಟದ ಬಾವಿಯ ಕಟ್ಟೆಯಿಂದ ಅವನನ್ನು ರಟ್ಟೆ ಹಿಡಿದು ಎಳೆದು ತಂದವನು ನಾನು. ಅದು ನಮ್ಮಿಬ್ಬರಲ್ಲೇ ಉಳಿಯಿತು. ಅವ್ವನಿಗೆ ಹೇಳಲಿಲ್ಲ.

ಎರಡನೇ ಸಲ ಅವನು ಆಟೋ ಗುರುತಿನಿಂದ ನಿಂತ. ಎದುರಿಗೆ ನಿಂತವಳು ಹೊಲಿಗೆ ಯಂತ್ರದ ಗುರುತಿನವಳು, ಅದೇ ಹಿಂದಿನ ಬೀದಿಯ ಹೆಂಗಸು. ಚುನಾವಣೆಯ ನಡುವೆಯೂ ಅವಳು ಹನಿ ಹಾಕುವುದನ್ನು ಬಿಡಲಿಲ್ಲ. ತಮ್ಮ ಬೇಡವೆನ್ನಲೂ ಆಗದೆ, ನೋಡಲೂ ಆಗದೆ ಹಲ್ಲು ಕಚ್ಚಿಕೊಂಡಿದ್ದ. ಮತದಾನದ ಹಿಂದಿನ ದಿನ ನನ್ನ ಹತ್ತಿರ ಬಂದು, "ಅಣ್ಣಾ, ಈ ಸಲನೂ ಹೋದ್ರೆ ನಾನು ಉಳಿಯಲ್ಲ ಕಣೋ" ಎಂದ.

ಕಣ್ಣಿಲ್ಲದವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಓಟು ಹಾಕಬಹುದು. ಆದರೆ ಒಬ್ಬನು ಒಬ್ಬರಿಗೆ ಮಾತ್ರ ಜೊತೆ ಹೋಗಬಹುದು, ಅದು ಕಾನೂನು. ಓದು ಬಲ್ಲವನೆಂದು ಊರಿನ ಇನ್ನಿಬ್ಬರು ಮುದುಕರೂ ನನ್ನನ್ನೇ ಕೇಳಿದ್ದರು, "ನಮ್ಮವ್ವ ಇದ್ದಾಳಲ್ಲಪ್ಪಾ" ಎಂದು ಕಳಿಸಿದ್ದೆ. ಶಾಲೆಯ ಕೋಣೆಯಲ್ಲಿ ಅಧಿಕಾರಿ ಒಂದು ಫಾರಂ ಕೊಟ್ಟು, "ಅವರು ಯಾರಿಗೆ ಹೇಳ್ತಾರೋ ಅವರಿಗೇ ಒತ್ಬೇಕು, ಹೊರಗೆ ಯಾರಿಗೂ ಹೇಳಂಗಿಲ್ಲ, ಗೊತ್ತಾಯ್ತಾ?" ಎಂದು ಕೇಳಿದರು. ಫಾರಂ ತುಂಬುವುದು ನನಗೆ ಕಲಿಸಬೇಕೇ? ನೀಟಾಗಿ ರುಜು ಹಾಕಿದೆ.

ರಟ್ಟಿನ ಮರೆಯ ಹಿಂದೆ ಹೋದೆವು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡು ಕಿವಿಯ ಹತ್ತಿರ ಬಂದಳು.

"ಹೊಲಿಗೆ ಮಿಷನ್ನಿಗೆ ಒತ್ತು."

ನಾನು ತಪ್ಪು ಕೇಳಿಸಿಕೊಂಡಿರಲಿಲ್ಲ. ಆದರೂ, "ಅವ್ವಾ, ತಮ್ಮಂದು ಆಟೋ" ಎಂದೆ.

"ಗೊತ್ತು ಕಣೋ. ಅವನು ನನ್ ಮಗ, ಸೋತ್ರೂ ಮಗನೇ. ಆವಮ್ಮಂಗೆ ನಾನು ಕೊಡಾಕೆ ಇನ್ನೇನೈತೆ? ಇದೊಂದೈತೆ. ಒತ್ತು."

ಅತ್ತ ದರಿ, ಇತ್ತ ಪುಲಿ. ನನ್ನ ಕಣ್ಣೆದುರಿಗೆ ಬಂದದ್ದು ಬಾವಿಯ ಕಟ್ಟೆ. ಮುದ್ರೆ ಆಟೋದ ಮೇಲೆ ಒತ್ತಿದೆ.

"ಒತ್ತಿದ್ಯಾ?"

"ಒತ್ತಿದೆ ಕಣವ್ವಾ."

ಮತಪತ್ರ ಮಡಚಿ ಅವಳ ಕೈಗೆ ಕೊಟ್ಟೆ, ತಾನೇ ಹಾಕುತ್ತೇನೆಂದು ಹಟ ಹಿಡಿದಿದ್ದಳು. ಪೆಟ್ಟಿಗೆಯನ್ನೆಲ್ಲ ತಡವಿ ಸಂದು ಹುಡುಕಿ, ಕಾಗದ ಒಳಗೆ ಬಿದ್ದ ಮೇಲೂ ಎರಡು ಬೆರಳು ತೂರಿಸಿ, ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡಳು. ಅಧಿಕಾರಿ "ಬಿತ್ತು ಕಣಮ್ಮಾ, ಬಿತ್ತು" ಎಂದು ನಕ್ಕರು. ಅವ್ವನೂ ನಕ್ಕಳು. ಹೊರಗೆ ಬಂದು ನಾನು ಶಾಲೆಯ ನಲ್ಲಿಯಲ್ಲಿ ಮುಖಕ್ಕೆ ನೀರು ಹಾಕಿಕೊಂಡೆ.

ಎಣಿಕೆಯಲ್ಲಿ ತಮ್ಮ ಹನ್ನೊಂದು ಓಟಿನಿಂದ ಸೋತ. ನಾನು ಮಾಡಿದ ಪಾಪ ಯಾವ ಕೆಲಸಕ್ಕೂ ಬರಲಿಲ್ಲ. ಆ ವಾರವೆಲ್ಲ ಕೆಲಸ ಬಿಟ್ಟು ಊರಿನಲ್ಲೇ ಉಳಿದು, ಅವನು ಬಹಿರ್ದೆಸೆಗೆ ಹೋದರೂ ಹಿಂದೆ ಹೋದೆ. ಅವನು ಬಾವಿಯ ಕಡೆ ಹೋಗಲಿಲ್ಲ. ಎಂಟನೇ ದಿನ ಅಂಗಡಿ ಬಾಗಿಲು ತೆಗೆದ. ಬದುಕಿದೆವು ಎಂದುಕೊಂಡು ಅಜ್ಜಂಪುರಕ್ಕೆ ಬಂದು ಮತ್ತೆ ಬೆಂಚಿನ ಮೇಲೆ ಕೂತೆ.

ಅಲ್ಲಿ ಊರಿನಲ್ಲಿ ಅವ್ವ ಸುಮ್ಮನಿರಲಿಲ್ಲ. ಹನಿ ಹಾಕಲು ಬಂದ ಹೆಂಗಸಿನ ಕೈ ಹಿಡಿದು, "ನನ್ ಓಟು ನಿಂಗೇ ಹಾಕ್ದೆ ಕಣವ್ವಾ, ಗೆದ್ಬಿಟ್ಟೆ ನೀನು" ಎಂದಳಂತೆ. ಅವಳು ಅವ್ವನ ಕಾಲು ಮುಟ್ಟಿ ಅತ್ತಳಂತೆ. ಇಂಥ ಮಾತು ಮನೆಯೊಳಗೆ ಉಳಿಯುತ್ತದೆಯೇ? ಮೂರು ದಿನದಲ್ಲಿ ಬೀರೂರಿನ ಅಂಗಡಿಗೆ ಮುಟ್ಟಿತು.

ತಮ್ಮ ಅವ್ವನ ತಲೆ ಬಾಚುವುದನ್ನು ನಿಲ್ಲಿಸಿದ.

ಮುಂದಿನ ಸಲ ನಾನು ಹೋದಾಗ ಅವ್ವನ ಕೂದಲು ಗಂಟುಗಂಟಾಗಿ ಬೆನ್ನಿಗೆ ಬಿದ್ದಿತ್ತು. ಸೊಸೆ ಬಾಚಲು ಬಂದರೆ ಬೇಡವೆನ್ನುತ್ತಿದ್ದಳಂತೆ. ನಾನು ಬಾಚಣಿಗೆ ಹಿಡಿದರೆ, "ನೀನು ಎಳೀತೀಯ, ಬಿಡು" ಎಂದಳು. ಆಮೇಲೆ ಮೆಲ್ಲಗೆ, "ದಿನಾ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟೋದು ಕೇಳ್ತೈತೆ. ನನ್ನತ್ರ ಬರಾಕಿಲ್ಲ ಕಣೋ. ಒಂದು ಓಟಿಗೆ ಹೆತ್ತೋಳು ಬ್ಯಾಡಾಗೋದ್ಲಾ?" ಎಂದಳು. ಆ ಓಟು ಅವನಿಗೇ ಹೋಗಿತ್ತು. ಹೇಳಿದರೆ ಅವ್ವನಿಗೆ ಅವಳ ಮಗ ಸಿಗುತ್ತಿದ್ದ, ಆದರೆ ಅವಳು ಕೊಟ್ಟೆನೆಂದು ಹಿಗ್ಗಿದ್ದ ಒಂದೇ ಒಂದು ವಸ್ತು ಹೋಗುತ್ತಿತ್ತು. ಹೇಳದಿದ್ದರೆ ಮಗನೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ಮಾಡಿದವನು ನಾನು, ಉಣ್ಣುತ್ತಿದ್ದವಳು ಅವ್ವ. ಎರಡು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಂಚಿನ ಮೇಲೆ ಯಾರಾದರೂ "ಸ್ವಾಮೀ, ನಾನು ಹೇಳಿದಂಗೇ ಬರೀರಿ" ಎಂದರೆ ಸಿಟ್ಟು ಬಂದು ರೇಗುತ್ತಿದ್ದೆ.

ಅವ್ವ ಸರಿಯಾಗಿ ಉಣ್ಣುತ್ತಿಲ್ಲವೆಂದು ಕೇಳಿದ ದಿನ ಬೀರೂರಿಗೆ ಹೋದೆ. ತಮ್ಮ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಬಾವಿಯ ಕಟ್ಟೆಯ ಭಯವನ್ನೂ. "ಅವ್ವನಿಗೆ ಮಾತ್ರ ಗೊತ್ತಾಗಬಾರದು" ಎಂದು ಕೈ ಮುಗಿದೆ. ಅವನು ಟ್ಯೂಬು ಕೆಳಗಿಟ್ಟು, ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಆ ದಿನವೇ ಅಂಗಡಿ ಮುಚ್ಚಿ ನನ್ನ ಜೊತೆ ಊರಿಗೆ ಹೊರಟ.

ಅವ್ವನ ಹಿಂದೆ ಕೂತು ತುದಿಯಿಂದ ಒಂದೊಂದೇ ಗಂಟು ಬಿಡಿಸತೊಡಗಿದ. ಅವನ ಕೈ ತಿಳಿದ ಕೂಡಲೇ ಅವ್ವನ ಮುಖ ಅರಳಿತು. "ಬಂದ್ಯಾ ಮಗಾ" ಎಂದಳು. ಅವನು ಇನ್ನೆರಡು ಗಂಟು ಬಿಡಿಸುವವರೆಗೆ ತಡೆದುಕೊಂಡ. ಕೊನೆಗೆ, "ತಪ್ಪಾಯ್ತು ಕಣವ್ವಾ. ನಿನ್ ಓಟು ನಂಗೇ ಬಂದಿತ್ತಂತೆ, ಅಣ್ಣ ಆಟೋಕ್ಕೇ ಒತ್ತಿದ್ನಂತೆ" ಎಂದುಬಿಟ್ಟ.

ಅವ್ವ ಅವನಿಗೆ "ನೀನು ಬಾಚು" ಎಂದಳು. ಆಮೇಲೆ ನಾನು ಕೂತಿದ್ದ ಕಡೆ ಮುಖ ತಿರುಗಿಸಿದಳು.

"ಡಾಕ್ಟ್ರು ಬರೆದಿದ್ದು, ಪಿಂಚಣಿ ಕಾಗದ, ಎಲ್ಲಾ ಇಷ್ಟು ವರ್ಷ ನೀನೇ ಓದಿ ಹೇಳ್ತಿದ್ಯಲ್ಲೋ. ಅವೂ ಹಿಂಗೇನಾ?"

"ಇಲ್ಲ ಕಣವ್ವಾ. ಅವೆಲ್ಲ ಇದ್ದಂಗೇ ಓದಿದೀನಿ. ನಿನ್ನಾಣೆ."

"ಒತ್ತಿದೆ ಅಂತನೂ ಹಿಂಗೇ ಹೇಳಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಈಗ ಅವ್ವನಿಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವಳು ಹಿಂದಿನ ಬೀದಿಯ ಆ ಹೆಂಗಸು. ನಾನು ಊರಿಗೆ ಹೋದ ದಿನ ಕಾಗದ ಬಂದಿದ್ದರೂ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ಬರುವವರೆಗೆ ಕಾಯುತ್ತಾಳೆ. ಪಕ್ಕದಲ್ಲೇ ನಾನೂ ಕೂತಿರುತ್ತೇನೆ.