ಪ್ಲಾಸ್ಟಿಕ್ ಬಿಚ್ಚದ ಗೊಂಬೆ

ಮೊನ್ನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಇಂಜೆಕ್ಷನ್ ಕೊಡುವ ಮೊದಲು ನನ್ನ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹರಿಹರದ ನಮ್ಮ ಎದುರುಮನೆ ಅಕ್ಕ ನೆನಪಾದಳು. ಜೊತೆಗೆ ಅಸಹ್ಯವೂ ಬಂತು. ಅಕ್ಕನ ಮೇಲಲ್ಲ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಒಬ್ಬ ಮಹಾನುಭಾವರು ಅಂಚೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದರು! ಪಾಠಗಳು ಪೋಸ್ಟಿನಲ್ಲಿ ಬರುತ್ತಿದ್ದವು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ್ದ ಅಕ್ಕ ಮೊದಲ ವರ್ಷಕ್ಕೆ ಸೇರಿ, ಅರ್ಥವಾಗದ್ದನ್ನೆಲ್ಲ ಉರು ಹೊಡೆಯುತ್ತಿದ್ದಳು. ಊಟ ಸೇರುತ್ತಿರಲಿಲ್ಲ, ತಲೆ ಬಾಚಿದರೆ ಕೂದಲು ಕೈಗೇ ಬರುತ್ತಿತ್ತು. ಫೇಲಾದರೆ ಓದು ಬಂದ್, ಮದುವೆಯೇ ಎಂದು ಅವಳ ಅಣ್ಣ ಹೇಳಿಬಿಟ್ಟಿದ್ದ. ಅವಳಿಗೋ ನರ್ಸ್ ಆಗುವುದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ.

"ತಿಳೀದಿದ್ರೆ ಯಾರನ್ನಾದ್ರೂ ಕೇಳಕ್ಕ" ಅಂದೆ ಒಮ್ಮೆ.

"ಯಾರನ್ನ ಕೇಳ್ಲಿ? ಪೋಸ್ಟ್‌ಮ್ಯಾನ್‌ನ ಕೇಳ್ಲಾ?" ಎಂದು ಸಿಡುಕಿದಳು.

ತಿಂಗಳಿಗೊಂದು ಭಾನುವಾರ ದಾವಣಗೆರೆಯಲ್ಲಿ ಕ್ಲಾಸು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯ ಮೇಲೊಂದು ಕೋಣೆ, ಕುರಿ ತುಂಬಿದಂತೆ ಹುಡುಗಿಯರು, ಮೇಜಿನ ಮೇಲೆ ಮನುಷ್ಯಾಕಾರದ ಗೊಂಬೆ. ಇಂಜೆಕ್ಷನ್ ಕಲಿಯಲೆಂದು ತರಿಸಿದ್ದ ಆ ಗೊಂಬೆಗೆ ಸುತ್ತಿದ ಪ್ಲಾಸ್ಟಿಕ್ಕನ್ನೇ ಬಿಚ್ಚಿರಲಿಲ್ಲ. ಅಕ್ಕ ಕೈ ಚಾಚಿದಳು. ಆ ಮಹಾನುಭಾವರು ಎಲೆಅಡಿಕೆ ಅಗಿಯುತ್ತಲೇ, "ಏಯ್, ಮುಟ್ಟಬ್ಯಾಡ್ರಿ! ಹೊಲಸಾಗ್ತೈತೆ. ಬಾಯಲ್ಲಿ ಹೇಳ್ರಿ ಸಾಕು" ಅಂದರು. ಹುಡುಗಿಯರು ಒಬ್ಬೊಬ್ಬರಾಗಿ ಎದ್ದು, ಕೈಕಟ್ಟಿ ನಿಂತು, ಇಂಜೆಕ್ಷನ್ ಕೊಡುವುದನ್ನು ಬಾಯಲ್ಲೇ ಒಪ್ಪಿಸಿದರು. ಥೂ!

ಪರೀಕ್ಷೆಯೂ ಹಾಗೇ ನಡೆಯಿತಂತೆ. ಅಕ್ಕ ಪಾಸಾದಳು, ಎಲ್ಲರಿಗಿಂತ ಮೊದಲನೆಯವಳಾಗಿ. ನಮ್ಮಮ್ಮ ಸಕ್ಕರೆ ಹಿಡಿದು ಓಡಿದರು, ಹಿಂದೆಯೇ ನಾನು. ನೋಡಿದರೆ ಅಕ್ಕ ಗೋಡೆಗೊರಗಿ ಅಳುತ್ತಿದ್ದಾಳೆ.

"ಒಂದ್ ಸಲನೂ ಸೂಜಿ ಹಿಡಿದಿಲ್ಲ ನಾನು. ನಾಳೆ ಯಾರದೋ ಕೂಸು ಮುಂದೆ ಮಲಗಿದ್ರೆ ಏನ್ ಮಾಡ್ಲಿ? ಪಾಠ ಒಪ್ಪಿಸ್ಲಾ? ನಂಗ್ ಬ್ಯಾಡ ಇದು."

ಎರಡನೇ ವರ್ಷಕ್ಕೆ ಅವಳು ಹೋಗಲಿಲ್ಲ. ಅಣ್ಣ ಮದುವೆ ಮಾಡಿ ಹತ್ತಿರದ ಬಾತಿ ಎಂಬ ಹಳ್ಳಿಗೆ ಕಳಿಸಿದ. ಜೊತೆಯ ಹುಡುಗಿಯರು ಕೋರ್ಸು ಮುಗಿಸಿ ಅಲ್ಲಿ ಇಲ್ಲಿ ಕೆಲಸಕ್ಕೆ ಸೇರಿದರು. ಅವರನ್ನು ಬೈಯಲಾರೆ... ಹೊಟ್ಟೆಪಾಡು.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಆ ಮಹಾನುಭಾವರು ಮಾತ್ರ ಗಟ್ಟಿಮುಟ್ಟಾಗಿದ್ದಾರೆ. ಹೋದ ತಿಂಗಳು ಒಂದು ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ, ಹೆಣ್ಣುಮಕ್ಕಳಿಗೆ ವಿದ್ಯೆ ಕೊಟ್ಟ ಪುಣ್ಯಾತ್ಮರೆಂದು ಹೊಗಳಿದರು. "ಎಷ್ಟ್ ಜನಕ್ಕೆ ದಾರಿ ಮಾಡಿಕೊಟ್ರು ನೋಡ್ರಿ" ಅಂದರು ಪಕ್ಕದಲ್ಲಿ ಕೂತವರು. ಮೈಯೆಲ್ಲ ಉರಿದು ಎದ್ದು ಬಂದೆ. ಒಟ್ಟಿಗೆ ಕೂತು ಬೈಯೋಣವೆಂದರೆ ಅಕ್ಕನೇ ಇಲ್ಲ.