ಬಾಗಿಲ ಹಿಂದಿನ ಸಣ್ಣ ಕಟ್ಟೆ

ತುರುಬಿನಲ್ಲಿ ಒಂದು ಮೊಳ ಕನಕಾಂಬರ, ಅದರ ನಡುವೆ ಸಿಕ್ಕಿಸಿದ ಬಡಗಿಯ ಚಪ್ಪಟೆ ಪೆನ್ಸಿಲು. ಮನೆ ರಿಪೇರಿ ನಡೆದ ಅಷ್ಟೂ ತಿಂಗಳು ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಹಾಗೇ ಓಡಾಡಿದಳು. ಆಳು ಎತ್ತರ. ಹಳೆಯ ಮನೆಯ ಬಾಗಿಲುಗಳಲ್ಲಿ ತಲೆ ತಗ್ಗಿಸಿಯೇ ನುಗ್ಗಬೇಕಿತ್ತು. ಎಷ್ಟೋ ಸಲ ಪೆನ್ಸಿಲಿನ ತುದಿ ತಗುಲಿ ಬಾಗಿಲವಾಡದ ಮೇಲೆ ಕರಿ ಗೆರೆ ಬೀಳುತ್ತಿತ್ತು. ಬೇರೆ ಯಾರಾದರೂ ಹಾಗೆ ಮುಡಿದಿದ್ದರೆ ನಗೆಪಾಟಲಾಗುತ್ತಿದ್ದರು. ಅವಳಿಗೆ ಅದೂ ಒಪ್ಪುತ್ತಿತ್ತು. ನನ್ನ ಹೊಟ್ಟೆ ಉರಿಯಲು ಅಷ್ಟೇ ಸಾಕಾಗಿತ್ತು.

ಎದುರಿಗೆ ಸಿಕ್ಕರೆ ‘ಅಕ್ಕ, ಬನ್ನಿ’ ಎನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಮದುವೆಯಾದ ದಿನದಿಂದಲೂ ಏಕವಚನ. ಈಗ ಬರೆಯಲು ಕೂತರೂ ಅದೇ ಬರುತ್ತಿದೆ, ಇರಲಿ.

ಹೆಬ್ಬಗೋಡಿಯಲ್ಲಿ ನಮ್ಮದು ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ ಮನೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ರೂಮುಗಳ ಸಾಲು. ಅಣ್ಣತಮ್ಮಂದಿರು ಭಾಗವಾದಾಗ ಅಡುಗೆಮನೆಯನ್ನೂ ಸೀಳಿದರು. ಒಲೆಯಿದ್ದ ಅರ್ಧ ಅವಳಿಗೆ ಹೋಯಿತು, ಬಚ್ಚಲಿದ್ದ ಅರ್ಧ ನನಗೆ ಬಂತು. ಅತ್ತೆಯೂ ಒಲೆಯ ಕಡೆಗೇ ಹೋದರು. “ದೊಡ್ಡವಳ ಮುದ್ದೆ ಇಲ್ದಿದ್ರೆ ನಂಗೆ ಉಂಡಂಗೇ ಆಗಲ್ಲ ಕಣವ್ವ,” ಎಂದು ನನ್ನ ಮುಖ ನೋಡಿಕೊಂಡೇ ಹೇಳಿದ್ದರು.

ನಾನು ಬಿ.ಕಾಂ. ಓದಿದವಳು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಅಡ್ಮಿನ್ ಕೆಲಸ ಮಾಡುವವಳು. ಅಲ್ಲಿ ಒಂದು ಮಹಡಿಯ ಜನ ನನ್ನ ಮಾತು ಕೇಳುತ್ತಾರೆ. ಮನೆಗೆ ಬಂದರೆ ಒಂದು ಮುದುಕಿ ನನ್ನ ಕೈಯ ಅಡುಗೆಗೆ ಕೂರುವುದಿಲ್ಲ. ತಾಯಿ ಇಲ್ಲದೆ ಬೆಳೆದವಳು ನಾನು. ಅತ್ತೆ ನನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ‘ಇನ್ನೊಂದ್ ಚೂರು ಇಕ್ಕು’ ಅನ್ನಬೇಕು ಎಂಬುದು ನನ್ನ ದೊಡ್ಡ ಆಸೆಯಾಗಿತ್ತು.

ಮಾಳಿಗೆ ಸೋರತೊಡಗಿದಾಗ ಎರಡೂ ಭಾಗಗಳನ್ನು ಒಟ್ಟಿಗೇ ರಿಪೇರಿ ಮಾಡಿಸುವುದೆಂದು ಗಂಡಸರು ತೀರ್ಮಾನಿಸಿದರು. ಕೆಲಸದವರು ಎರಡೂ ಕಡೆಗೆ ಅವರೇ. ಧೂಳಿನಲ್ಲಿ ಅತ್ತೆ ಬೇಡವೆಂದು ಆನೇಕಲ್ಲಿನ ಮಗಳ ಮನೆಗೆ ಕಳಿಸಿದರು. ಯಾರ ಕಡೆ ಮೊದಲು ಮುಗಿದು ಹಾಲು ಉಕ್ಕುತ್ತದೋ ಅಲ್ಲಿಗೆ ಕರೆತರುವುದು ಎಂದಾಯಿತು. ಆಷಾಢ ಬಂದರೆ ಹಾಲು ಉಕ್ಕಿಸುವಂತಿಲ್ಲ. ಈ ಸಲ ಮೊದಲು ಮುಗಿಸುವವಳು ನಾನೇ ಎಂದು ಹಟ ತೊಟ್ಟೆ.

ವಾರಗಿತ್ತಿಯದು ಒಂದು ವಿಚಿತ್ರ ಪದ್ಧತಿ. ಬೆಳಿಗ್ಗೆ ಕೆಲಸದವರು ಬಂದ ಕೂಡಲೇ ಯಾರೂ ಕೆಲಸಕ್ಕೆ ಕೈ ಹಾಕುವಂತಿಲ್ಲ. ಗಾರೆ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂರಬೇಕು. ಒಂದೇ ಪಾತ್ರೆಯ ಟೀ. ಲೋಟ ಖಾಲಿಯಾಗುವುದರೊಳಗೆ ಇವತ್ತು ತಾನೇನು ಮಾಡುತ್ತೇನೆಂದು ಪ್ರತಿಯೊಬ್ಬನೂ ಉಳಿದವರ ಕಿವಿಗೆ ಬೀಳುವಂತೆ ಹೇಳಬೇಕು.

“ಒಲಿ ಹಿಂದಿನ ಗ್ವಾಡಿಗೆ ಟೈಲ್ಸ್ ಹಚ್ತೀನ್ರಿ ಅಕ್ಕಾರ,” ಎನ್ನುತ್ತಿದ್ದ ಮೇಸ್ತ್ರಿ. ಯಾದಗಿರಿ ಕಡೆಯವನು, ನಮ್ಮದೇ ಬಾಡಿಗೆ ರೂಮಿನಲ್ಲಿದ್ದ.

“ತಡಿ ಗುರು, ಮಿಕ್ಸಿ ಪಾಯಿಂಟ್‌ಗೆ ನಾನಿನ್ನೂ ಗೋಡೆ ಕೊರ್ದೇ ಇಲ್ಲ,” ಎನ್ನುತ್ತಿದ್ದ ಎಲೆಕ್ಟ್ರಿಷಿಯನ್.

“ಕೇಳುಸ್ತಾ? ಮೊದ್ಲು ಅವನು ಕೊರೀಲಿ, ಆಮ್ಯಾಕೆ ನೀನು ಅಂಟ್ಸು. ಜಗ್ಳ ಏನಿದ್ರೂ ಲೋಟ ಕೈಲಿರೋವಾಗ್ಲೇ ಆಡ್ಕಂಬುಡಿ. ನನ್ ಗ್ವಾಡೆ ಮ್ಯಾಲೆ ಆಡ್ಬ್ಯಾಡಿ,” ಎಂದು ಇವಳು ತೀರ್ಪು ಕೊಡುತ್ತಿದ್ದಳು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆಮೇಲೆ ನನ್ನ ಕಡೆ ತಿರುಗಿ, “ನಿನ್ ಕಡೇದೂ ಇಲ್ಲೇ ಮಾತಾಡ್ಕ ಬಾರಮ್ಮಿ. ನನ್ ಮನೆ ಮುಗೀಲಿ, ನೋಡಾಕೆ ಟಿಕೀಟು ಇಕ್ತೀನಿ,” ಎಂದು ನಗುತ್ತಿದ್ದಳು.

ನಾನು ಆ ಜಗಲಿಯಲ್ಲಿ ಕೂರುವವಳೇ? ವಾಟ್ಸಾಪ್ ಗುಂಪು ಮಾಡಿದೆ. ಯಾರು ಯಾವಾಗ ಏನು ಮಾಡಬೇಕೆಂದು ಆಫೀಸಿನ ಬಸ್ಸಿನಲ್ಲಿ ಕೂತು ನೀಟಾಗಿ ಟೈಪ್ ಮಾಡಿ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದರು. ಯಾರೂ ಓದಲಿಲ್ಲ. ಟೀಯನ್ನೂ ಅವರವರು ನಿಂತಲ್ಲಿಗೇ ಫ್ಲಾಸ್ಕಿನಲ್ಲಿ ಕಳಿಸುತ್ತಿದ್ದೆ, ಕೆಲಸ ನಿಲ್ಲದಿರಲಿ ಎಂದು. ಒಂದು ಸಂಜೆ ಬಂದು ನೋಡಿದರೆ ಮೇಸ್ತ್ರಿ ಹಿಂದಿನ ದಿನ ಅಂಟಿಸಿದ್ದ ಟೈಲ್ಸನ್ನು ಎಲೆಕ್ಟ್ರಿಷಿಯನ್ ಒಡೆದು ಪೈಪು ಹಾಕಿದ್ದ. ಪೇಂಟರು ಬಳಿದ ಹಸಿ ಗೋಡೆಯ ಮೇಲೆ ಬಡಗಿ ಕೊಯ್ದ ಮರದ ಹೊಟ್ಟು ಅಂಟಿಕೊಂಡಿತ್ತು. ಗೋಡೆಯಾಚೆ ಅವಳ ಮನೆ ಮಾತ್ರ ದಿನದಿನಕ್ಕೂ ಹೊಳೆಯುತ್ತಿತ್ತು. ಅದೇ ಮೇಸ್ತ್ರಿ, ಅದೇ ಸಿಮೆಂಟು. ಎದೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಅವಳ ಅಡುಗೆಮನೆ ಮುಗಿದಾಗ ಬೀದಿಯ ಹೆಂಗಸರೆಲ್ಲ ಹೋಗಿ ನೋಡಿ ಬಂದರು. ನಾನು ಹೋಗಲಿಲ್ಲ. ಹೋಗುವುದೆಂದರೆ ಸೋತೆನೆಂದು ಒಪ್ಪಿಕೊಂಡಂತೆ. ಗಂಡನ ಕೈಗೆ ಫೋನು ಕೊಟ್ಟು, “ಏನೋ ನೆಪ ಹೇಳಿ ಒಂದು ಫೋಟೋ ತೆಗೆದುಕೊಂಡು ಬನ್ನಿ,” ಎಂದೆ. ಆ ಸಂಕೋಚದ ಮನುಷ್ಯ ಹೊಸ್ತಿಲಲ್ಲೇ ನಿಂತು ಒಂದು ಕ್ಲಿಕ್ಕಿಸಿ ಓಡಿಬಂದರು. ಕಿಟಕಿಯ ಕೆಳಗೆ ಉದ್ದಕ್ಕೂ ಮಿರಿಮಿರಿ ಕರಿ ಗ್ರಾನೈಟಿನ ಎತ್ತರದ ಕಟ್ಟೆ. ಅದನ್ನೇ ಮೇಸ್ತ್ರಿಗೆ ತೋರಿಸಿದೆ.

“ಆ ಅಕ್ಕಾರು ಎತ್ತರ ಇದ್ದಾರ್ರಿ ಮೇಡಂ. ನಿಮಗ ಇದು ಭಾಳ ಮ್ಯಾಲ ಆಗ್ತದ,” ಎಂದ.

“ಫೋಟೋದಲ್ಲಿ ಹೇಗಿದೆಯೋ ಹಾಗೇ ಮಾಡಿ.”

“ಒಮ್ಮಿ ಹೋಗಿ ನೋಡಿ ಬರ್ರಿ. ಅಲ್ಲಿ ಇನ್ನೊಂದು...”

“ನಂಗೆ ಬಸ್ಸಿಗೆ ಹೊತ್ತಾಯ್ತು,” ಎಂದು ಹೊರಟೇಬಿಟ್ಟೆ.

ಅವಳ ಮನೆಯಲ್ಲಿ ಹಾಲು ಉಕ್ಕಿತು, ಅತ್ತೆ ಅಲ್ಲಿಗೇ ಬಂದರು. ಅಂದಿನಿಂದ ಅವಳ ಇನ್ನೊಂದು ಆಟ ಶುರುವಾಯಿತು. ಎರಡು ಅಡುಗೆಮನೆಗಳಿಗೂ ನಡುವೆ ಒಂದೇ ಗೋಡೆ. ತನ್ನ ಮುದ್ದೆ ಆದ ಕೂಡಲೇ ಮುದ್ದೆಕೋಲಿನಿಂದ ಗೋಡೆ ಕುಟ್ಟಿ, “ನಂದಾಯ್ತು ಕಣಮ್ಮಿ, ನಿಂದು?” ಎಂದು ಕೂಗುವಳು. ನಾನು ಉತ್ತರ ಕೊಡುತ್ತಿರಲಿಲ್ಲ.

ಆಷಾಢಕ್ಕೆ ಸ್ವಲ್ಪ ಮೊದಲು ನನ್ನ ಕಡೆಯೂ ಹೇಗೋ ಮುಗಿಯಿತು. ಹಾಲು ಉಕ್ಕಿಸಿ, ಅತ್ತೆಯನ್ನು ಕೂರಿಸಿ, ಮುದ್ದೆಗೆ ಎಸರಿಟ್ಟೆ. ಹಿಟ್ಟು ಹಾಕಿ ತಿರುವಲು ಹೋದರೆ ಪಾತ್ರೆ ಹೆಚ್ಚು ಕಡಿಮೆ ನನ್ನ ಎದೆಯ ಮಟ್ಟಕ್ಕಿದೆ. ಮುದ್ದೆಗೆ ಮೇಲಿನಿಂದ ಮೈಭಾರ ಬಿಟ್ಟು ಒತ್ತಬೇಕು. ನನ್ನ ಮೊಣಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಪಾತ್ರೆಯನ್ನು ನೆಲಕ್ಕಿಳಿಸಿ ಕುಕ್ಕರಗಾಲಿನಲ್ಲಿ ಕೂತಿದ್ದರೆ ಆಗುತ್ತಿತ್ತು. ಹೊಸ ಕಟ್ಟೆಯ ಮೊದಲ ದಿನವೇ ನೆಲಕ್ಕಿಳಿಯಲು ಮನಸ್ಸು ಬರಲಿಲ್ಲ.

ಅತ್ತೆ ಮುದ್ದೆ ಮುರಿದರು. ಒಳಗೆ ಬಿಳಿ ಬಿಳಿ ಗಂಟು. “ಹಸೀ ಹಿಟ್ಟು ಅಂಗೇ ಐತಲ್ಲವ್ವ. ವೋಗ್ಲಿ ಬುಡು, ಅನ್ನ ಇಕ್ಕು,” ಎಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಎರಡು ತುತ್ತು ಅನ್ನ ತಿಂದು ಗೋಡೆಯಾಚೆಗೆ ಎದ್ದು ಹೋದರು.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಸಿಂಕಿನ ಮುಂದೆ ನಿಂತು ಅಳುತ್ತಿದ್ದ ನನ್ನನ್ನು ನೋಡಲಿಲ್ಲ, ಕಟ್ಟೆಯನ್ನು ನೋಡಿದಳು. ಆಮೇಲೆ ಬಾಗಿಲ ಹಿಂದೆ ಇಣುಕಿದಳು.

“ಸಣ್ ಕಟ್ಟೆ ಎಲ್ಲಮ್ಮಿ?”

“ಯಾವ ಸಣ್ಣ ಕಟ್ಟೆ?”

ನನ್ನ ಕೈ ಹಿಡಿದು ತನ್ನ ಮನೆಗೆ ಎಳೆದುಕೊಂಡು ಹೋದಳು. ಆ ಅಡುಗೆಮನೆಯೊಳಗೆ ನಾನು ಕಾಲಿಟ್ಟದ್ದು ಆಗಲೇ. ತೆರೆದಿದ್ದ ಬಾಗಿಲನ್ನು ಮುಚ್ಚಿದಳು. ಅದರ ಹಿಂದೆ ಮೂಲೆಯಲ್ಲಿ ಮೊಣಕಾಲೆತ್ತರದ ಕಡಪ ಕಲ್ಲಿನ ಕಟ್ಟೆ, ಅದರ ಮೇಲೊಂದು ಗ್ಯಾಸ್ ಒಲೆ.

“ಆ ದೊಡ್ ಕಟ್ಟೆ ಬಂದೋರ್ಗೆ ತೋರ್ಸಾಕೆ. ಉಣ್ಣಾಕೆ ಇದು,” ಎಂದಳು. “ಬೀದಿಯೋರೆಲ್ಲ ಬಂದು ನೋಡವ್ರೆ. ನೀನು ಬರ್ಬಾರ್ದಾಗಿತ್ತಾ?”

ಫೋಟೋದ ಕಥೆ ಹೇಳಲೇಬೇಕಾಯಿತು. ಅವಳು ನಗತೊಡಗಿದಳು. ನಿಂತು ನಕ್ಕಳು, ಸಾಲದೆ ಆ ಸಣ್ಣ ಕಟ್ಟೆಯ ಅಂಚಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೆನ್ನೆಗೆ ಎರಡು ಬಾರಿಸೋಣ ಅನ್ನಿಸಿತು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಮತ್ತೆ ಟೀ ಪಾತ್ರೆ ಇತ್ತು. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್ ಎಲ್ಲರನ್ನೂ ಫೋನು ಮಾಡಿ ಕರೆಸಿದ್ದಳು. ನನ್ನನ್ನು ಮಧ್ಯದಲ್ಲಿ ಕೂರಿಸಿ, “ಇವತ್ತು ನೀನೇಳು, ಇವ್ರು ಕೇಳ್ಲಿ,” ಎಂದಳು. ಆಮೇಲೆ ನನ್ನ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಖಾಲಿ ಪಾತ್ರೆ ಇಟ್ಟು ತಿರುವಲು ಹೇಳಿದಳು. ಒಂದು ಇಟ್ಟಿಗೆ ತೆಗೆದಳು, ಮತ್ತೆ ಇಟ್ಟಳು, ನನ್ನ ಬೆನ್ನ ಮೇಲೆ ಕೈಯಿಟ್ಟು ನೋಡಿದಳು. ಸರಿಹೋದಾಗ ತುರುಬಿನಿಂದ ಪೆನ್ಸಿಲು ಕಿತ್ತು ಗೋಡೆಗೆ ಗೆರೆ ಎಳೆದಳು.

“ಇದು ನಿನ್ನಳ್ತೆ. ನನ್ನಳ್ತೆ ಕಟ್ಕಂಡು ಯಾಕಮ್ಮಿ ಒದ್ದಾಡ್ತೀಯ?”

ಕೃತಜ್ಞತೆ ಹುಟ್ಟಬೇಕಾದ ಗಳಿಗೆ ಅದು. ನನಗೆ ಹುಟ್ಟಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ಒಳ್ಳೆಯತನದಲ್ಲೂ ಇವಳೇ ನನಗಿಂತ ಎತ್ತರ ನಿಲ್ಲಬೇಕೇ? ಕಟ್ಟೆ ಒಣಗಿದ ಮೇಲೆ ಒಂದು ಭಾನುವಾರ, “ಕೈ ಉಳುಕೈತೆ, ಇವತ್ತು ಅಲ್ಲೇ ಉಣ್ಣು ಓಗು ಅತ್ತೆ,” ಎಂದು ಅತ್ತೆಯನ್ನು ನನ್ನ ಕಡೆ ಕಳಿಸಿದಳು. ಅತ್ತೆ ಇಕ್ಕಿದ ಮುದ್ದೆಯನ್ನು ಪೂರ್ತಿ ಉಂಡರು. ಆಮೇಲೆ ತಟ್ಟೆ ಮುಂದೆ ಚಾಚಿ, “ಇನ್ನೊಂದ್ ಚೂರು ಇಕ್ಕು,” ಎಂದರು. ನಾನು ತಿರುಗಿ ನಿಂತು ಕಣ್ಣೊರೆಸಿಕೊಂಡೆ. ಹಿತ್ತಲಿನ ಕಿಟಕಿಯಲ್ಲಿ ನೋಡಿದರೆ ಕೈ ಉಳುಕಿದವಳು ರಗ್ಗು ಒಗೆದು ಹಿಂಡುತ್ತಿದ್ದಳು.

ಆಮೇಲೆ ಅವಳ ಕೈ ಪ್ರತಿ ಭಾನುವಾರ ಉಳುಕತೊಡಗಿತು.

ಹೋದ ಕಾರ್ತಿಕದಲ್ಲಿ ಜ್ವರ ಎಂದು ಮಲಗಿದಳು. ಡೆಂಗಿ ಎಂದರು, ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ನಡೆದು ವಾಪಸ್ಸು ಬರಲಿಲ್ಲ. ಅವಳನ್ನು ಮನೆಯ ಮುಂದೆ ಮಲಗಿಸಿದ್ದಾಗ ಯಾರೂ ಕರೆಯದೆ ಕೆಲಸದವರೆಲ್ಲ ಬಂದರು. ಮೇಸ್ತ್ರಿ ಸರ್ಜಾಪುರದ ಕೆಲಸ ಬಿಟ್ಟು ಬಂದಿದ್ದ. ಜಗಲಿಯ ಮೇಲೆ ಮೊದಲು ಕೂರುತ್ತಿದ್ದ ಸಾಲಿನಲ್ಲೇ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವಳ ತಲೆಯ ಬಳಿ ಹೂವಿನಲ್ಲಿ ಇಟ್ಟ. ಅಲ್ಲಿ ನಿಂತಾಗಲೂ ನನ್ನ ಹಾಳು ಹೊಟ್ಟೆ ಸುಮ್ಮನಿರಲಿಲ್ಲ. ನಾನು ಸತ್ತರೆ ವಾಟ್ಸಾಪ್ ಗುಂಪಿನಲ್ಲಿ ಇವರದೆಲ್ಲ ಒಂದೊಂದು ಹೆಬ್ಬೆರಳು ಬಂದೀತು ಅಷ್ಟೇ ಎಂದುಕೊಂಡೆ, ಎಂದುಕೊಂಡು ಇನ್ನೂ ಜೋರಾಗಿ ಅತ್ತೆ.

ಈಗ ಎರಡು ಮನೆಗೂ ಮುದ್ದೆ ತಿರುವುವುದು ನನ್ನ ಸಣ್ಣ ಕಟ್ಟೆಯ ಮೇಲೆ. ಅವಳ ಪೆನ್ಸಿಲಿನ ಗೆರೆ ಕಲ್ಲಿನ ಮೇಲಂಚಿನಲ್ಲಿ ಒಂದಿಷ್ಟು ಇಣುಕುತ್ತದೆ. ಅದರ ಮೇಲೆ ಬಣ್ಣ ಬಳಿಯಲು ಪೇಂಟರಿಗೆ ನಾನು ಬಿಟ್ಟಿಲ್ಲ. ಅತ್ತೆ ದಿನವೂ ಇಲ್ಲೇ ಕಾಲು ಚಾಚಿ ಕೂತು ಉಣ್ಣುತ್ತಾರೆ. ನಾನು ಬೇಡಿಕೊಂಡದ್ದು ಇದನ್ನೇ.

ಮೊನ್ನೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. “ದೊಡ್ಡವಳು ಮಾಡ್ದಂಗೇ ಐತೆ ಕಣವ್ವ,” ಎಂದರು.

ಹೊಟ್ಟೆ ಉರಿಯಿತು, ಹಿಂದಿನಂತೆಯೇ. ಮುದ್ದೆಕೋಲು ಇನ್ನೂ ಕೈಯಲ್ಲಿತ್ತು. ಗೋಡೆಯನ್ನು ಕುಟ್ಟಿ, “ನಂದಾಯ್ತು ಕಣಕ್ಕ, ನಿಂದು?” ಎಂದೆ. ಮೊದಲ ಸಲ ನನ್ನದೇ ಮೊದಲಾಗಿತ್ತು. ಅತ್ತೆ ಉಣ್ಣುವುದನ್ನು ನಿಲ್ಲಿಸಿದರು. ಇಬ್ಬರೂ ಗೋಡೆಯ ಕಡೆಗೇ ನೋಡುತ್ತಾ ಕಾದೆವು.